ಪ್ಲೇಗ್ ಬಂದಾಗ ಊರು ಬಿಟ್ಟ ಕೋರ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೇಗ್ ಅಂದರೆ ನಮಗೆ ನೆನಪಾಗುವುದು ಸತ್ತು ಬಿದ್ದ ಇಲಿ, ಬೀಗ ಬಿದ್ದ ಮನೆಗಳು, ಊರಾಚೆ ಹಾಕಿಕೊಂಡ ಗುಡಿಸಲು. ಕೋರ್ಟು ಕಚೇರಿ ಯಾರಿಗೂ ನೆನಪಾಗುವುದಿಲ್ಲ. ಆದರೆ ಪ್ಲೇಗ್ ಬಂತು ಅಂತ ಸಾಲ ಕೊಟ್ಟವನು ಸಾಲ ಮರೆಯುವುದಿಲ್ಲ, ದಾಯಾದಿ ಜಮೀನಿನ ತಗಾದೆ ಬಿಡುವುದಿಲ್ಲ, ಖಜಾನೆಗೆ ಬರಬೇಕಾದ ಹಣವೂ ಬರದೆ ಇರುವಂತಿಲ್ಲ. ಹಾಗಾದರೆ ಕೋರ್ಟು ಎಲ್ಲಿ ನಡೆಯುತ್ತಿತ್ತು, ಯಾರು ನಡೆಸುತ್ತಿದ್ದರು? ಇದಕ್ಕೆ ಒಳ್ಳೆ ದಾಖಲೆ ಸಿಗುವುದು 16 ಮತ್ತು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಅದಕ್ಕೇ ಇಲ್ಲಿನ ಉತ್ತರಗಳು ಹೆಚ್ಚಾಗಿ ಲಂಡನ್ ಸುತ್ತಲೇ ಇವೆ.

ಕೋರ್ಟನ್ನೇ ಎತ್ತಿಕೊಂಡು ಬೇರೆ ಊರಿಗೆ ಹೋಗಿದ್ದು ನಿಜವಾ?

ನಿಜ. ಒಂದು ಸಲ ಅಲ್ಲ, ಎಷ್ಟೋ ಸಲ. 1543ರಲ್ಲಿ ಸೇಂಟ್ ಆಲ್ಬನ್ಸ್, 1592ರಲ್ಲಿ ಹರ್ಟ್‌ಫರ್ಡ್, 1603ರಲ್ಲಿ ವಿಂಚೆಸ್ಟರ್, 1625ರಲ್ಲಿ ರೆಡಿಂಗ್, 1665ರಲ್ಲಿ ಆಕ್ಸ್‌ಫರ್ಡ್. ಮೊದಲ ಎರಡು ಊರು ಲಂಡನ್ನಿಂದ ಸುಮಾರು 30 ಕಿಲೋಮೀಟರ್ ದೂರ, ವಿಂಚೆಸ್ಟರ್ ಸುಮಾರು 100. ಕುದುರೆ ಮತ್ತು ಎತ್ತಿನ ಗಾಡಿಗಳ ಕಾಲ ಅದು. ನ್ಯಾಯಾಧೀಶರು, ವಕೀಲರು, ಗುಮಾಸ್ತರು, ಚರ್ಮದ ಸುರುಳಿಗಳಲ್ಲಿ ಬರೆದ ಕಡತಗಳು, ಕೈದಿಗಳು, ಕಕ್ಷಿದಾರರು ಎಲ್ಲರೂ ಕೆಸರು ರಸ್ತೆಯಲ್ಲಿ ಹೊರಡಬೇಕಿತ್ತು.

ಸುಮ್ನೆ ಬಾಗಿಲು ಹಾಕಿದ್ದರೆ ಆಗುತ್ತಿರಲಿಲ್ವಾ?

ಕೆಲವು ಸಲ ಹಾಗೂ ಮಾಡಿದರು. ಒಂದು ಟರ್ಮಿನ, ಅಂದರೆ ಕೋರ್ಟು ಕೂರುವ ಅವಧಿಯ, ಅರ್ಧ ಭಾಗ ಕೈಬಿಡುವುದು, ಮುಂದಿನ ಟರ್ಮಿಗೆ ಎಲ್ಲ ಕೇಸಿಗೂ ಒಟ್ಟಿಗೆ ವಾಯಿದೆ ಹಾಕುವುದು, ಇದೆಲ್ಲ ನಡೆದಿದೆ.

ಆದರೆ ಬಾಗಿಲು ಹಾಕಿದರೆ ಯಾರಿಗೆ ನಷ್ಟ ಅಂತ ನೋಡಿ. ಆಗಿನ ಲಂಡನ್ನಿನಲ್ಲಿ ಸಾಲ ತೀರಿಸದವನನ್ನು ಜೈಲಿಗೆ ಹಾಕುತ್ತಿದ್ದರು. ಅವನ ಕೇಸು ಮುಂದೆ ಹೋದಷ್ಟು ದಿನ ಅವನು ಒಳಗೇ ಇರಬೇಕು. ಆ ಜೈಲು ಇರುವುದು ಪ್ಲೇಗ್ ಹಬ್ಬಿದ ಊರಿನಲ್ಲಿ. ಹೊರಗೆ ಇರುವವರಿಗೆ ವಾಯಿದೆ ಅಂದರೆ ಒಂದು ತಾರೀಖು ಅಷ್ಟೇ. ಒಳಗೆ ಇರುವವನಿಗೆ ಅದು ಬದುಕುವುದೋ ಸಾಯುವುದೋ ಅನ್ನೋ ಪ್ರಶ್ನೆ. ಇನ್ನೊಂದು ಕಡೆ ಗಂಡ ಸತ್ತ ಹೆಂಗಸು ತನ್ನ ಪಾಲಿನ ಜಮೀನಿಗಾಗಿ ಕೇಸು ಹಾಕಿದ್ದಾಳೆ ಅಂದುಕೊಳ್ಳಿ. ಪ್ಲೇಗಿನ ವರ್ಷದಲ್ಲಿ ಇಂಥ ಕೇಸು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಮನೆಗೊಬ್ಬರು ಇಬ್ಬರು ಸತ್ತಾಗ ಆಸ್ತಿ ಯಾರಿಗೆ ಅನ್ನುವ ಪ್ರಶ್ನೆ ಪ್ರತಿ ಬೀದಿಯಲ್ಲೂ ಏಳುತ್ತದೆ.

ಕಾನೂನಿನ ತೊಡಕೂ ಒಂದಿತ್ತು. ಕೋರ್ಟು ಸೇರಬೇಕಾದ ದಿನ ಸೇರಲಿಲ್ಲ, ಸರಿಯಾದ ರೀತಿಯಲ್ಲಿ ವಾಯಿದೆಯನ್ನೂ ಹಾಕಲಿಲ್ಲ ಅಂದರೆ ಬಾಕಿ ಇದ್ದ ಕೇಸುಗಳ ಕೊಂಡಿಯೇ ಕಳಚಿ ಹೋಗುತ್ತಿತ್ತು. ವಾದಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮತ್ತೆ ಸಮನ್ಸ್, ಮತ್ತೆ ಫೀಸು. ಹಾಗಾಗಿ ಕೋರ್ಟನ್ನು ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕಿತ್ತು.

ವೆಸ್ಟ್‌ಮಿನ್‌ಸ್ಟರ್ ಹಾಲ್ ಅಷ್ಟು ದೊಡ್ಡದು, ಅಲ್ಲೇ ದೂರ ದೂರ ಕೂತು ನಡೆಸಬಹುದಿತ್ತಲ್ಲ?

ಲಂಡನ್ನಿನ ಈ ಕೋರ್ಟುಗಳು ಕೂರುತ್ತಿದ್ದದ್ದು ಆ ಹಾಲಿನಲ್ಲೇ. ದೊಡ್ಡದು ನಿಜ. ಸುಮಾರು 73 ಮೀಟರ್ ಉದ್ದ, 20 ಮೀಟರ್ ಅಗಲ. ಆದರೆ ಒಳಗಿನ ಪರಿಸ್ಥಿತಿ ಕಣ್ಣ ಮುಂದೆ ತಂದುಕೊಳ್ಳಿ. ಕಿಂಗ್ಸ್ ಬೆಂಚ್, ಚಾನ್ಸರಿ, ಕಾಮನ್ ಪ್ಲೀಸ್ ಮೂರೂ ಕೋರ್ಟು ಅದೇ ಹಾಲಿನಲ್ಲಿ. ನಡುವೆ ಗೋಡೆ ಇಲ್ಲ, ಮರದ ಕಟಕಟೆ ಅಷ್ಟೇ. ಎಕ್ಸ್‌ಚೆಕರ್ ಅನ್ನುವ ಖಜಾನೆಯ ಕೋರ್ಟು ಪಕ್ಕದಲ್ಲೇ. ಗೋಡೆ ಉದ್ದಕ್ಕೂ ಪುಸ್ತಕದ, ಬಟ್ಟೆಯ ಸಣ್ಣ ಅಂಗಡಿಗಳು. ಅದರ ಮಧ್ಯೆ ದೇಶದ ಎಲ್ಲ ಮೂಲೆಯಿಂದ ಬಂದ ಕಕ್ಷಿದಾರರು, ಸಾಕ್ಷಿಗಳು, ಜೇಬುಗಳ್ಳರು, ಹೊತ್ತು ಕಳೆಯಲು ಬಂದವರು.

ಟರ್ಮ್ ಶುರುವಾದರೆ ಇಡೀ ಲಂಡನ್ನಿಗೇ ಹಬ್ಬದ ಗಿರಾಕಿ. ವಸತಿ ಮನೆ, ಹೋಟೆಲು, ದರ್ಜಿ, ದೋಣಿ ನಡೆಸುವವನು, ಎಲ್ಲರ ವ್ಯಾಪಾರವೂ ಇದರ ಮೇಲೇ ನಿಂತಿತ್ತು. ಅಂದರೆ ಅಪಾಯ ಹಾಲಿನೊಳಗೆ ಮಾತ್ರ ಇರಲಿಲ್ಲ. ಹಳ್ಳಿಯಿಂದ ಬಂದವನು ಲಂಡನ್ನಿನ ಯಾವುದೋ ಕೋಣೆಯಲ್ಲಿ ಹತ್ತು ರಾತ್ರಿ ಮಲಗಿ, ಆಮೇಲೆ ತನ್ನ ಊರಿಗೆ ವಾಪಸ್ ಹೋಗುತ್ತಾನೆ. ಅವನ ಗಂಟಿನಲ್ಲಿ ಏನೇನು ಹೋಗುತ್ತದೆ ಅಂತ ಯಾರಿಗೆ ಗೊತ್ತು?

ಯಾವಾಗಲೂ ಅಕ್ಟೋಬರ್-ನವೆಂಬರ್‌ನಲ್ಲೇ ಯಾಕೆ ಈ ಪಾಡು?

ಒಳ್ಳೆ ಪ್ರಶ್ನೆ. ಇಂಗ್ಲೆಂಡಿನ ಕೋರ್ಟಿಗೆ ವರ್ಷಕ್ಕೆ ನಾಲ್ಕು ಟರ್ಮ್. ಹಿಲರಿ, ಈಸ್ಟರ್, ಟ್ರಿನಿಟಿ, ಮಿಕೆಲ್ಮಸ್. ಲಂಡನ್ನಿನ ಪ್ಲೇಗ್ ಬೇಸಿಗೆಯಲ್ಲಿ ಏರಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತುದಿ ಮುಟ್ಟಿ, ಚಳಿ ಬಂದಂತೆ ಇಳಿಯುತ್ತಿತ್ತು. ಮಿಕೆಲ್ಮಸ್ ಟರ್ಮ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಬೇಸಿಗೆ ರಜೆ ಮುಗಿದು ಕೇಸುಗಳು ಬೆಟ್ಟದಷ್ಟು ಸೇರಿರುವ ಹೊತ್ತು, ಸಾವಿನ ಲೆಕ್ಕ ಇನ್ನೂ ಇಳಿದಿರುವುದಿಲ್ಲ. ಮೇಲೆ ಹೇಳಿದ ಐದೂ ವರ್ಷಗಳಲ್ಲಿ ಊರು ಬಿಟ್ಟದ್ದು ಮಿಕೆಲ್ಮಸ್ ಟರ್ಮೇ.

ಹೋಗೋಣ ಅಂತ ತೀರ್ಮಾನಿಸುತ್ತಿದ್ದವರು ಯಾರು?

ರಾಜ ಅಥವಾ ರಾಣಿ, ಪ್ರಿವಿ ಕೌನ್ಸಿಲ್ ಅನ್ನುವ ತಮ್ಮ ಸಲಹಾ ಮಂಡಳಿ ಜೊತೆ ಕೂತು. ನ್ಯಾಯಾಧೀಶರಿಗೆ ತಾವಾಗಿಯೇ ಊರು ಬಿಡುವ ಅಧಿಕಾರ ಇರಲಿಲ್ಲ. ಇದರ ಹಿಂದೆ ಹಳೇ ಕಥೆ ಇದೆ. ರಾಜ ಹೋದಲ್ಲೆಲ್ಲ ಕೋರ್ಟೂ ಹೋಗುತ್ತಿದ್ದ ಕಾಲದಲ್ಲಿ ಜನ ನ್ಯಾಯಕ್ಕಾಗಿ ರಾಜನ ಹಿಂದೆ ದೇಶವೆಲ್ಲ ಅಲೆಯಬೇಕಿತ್ತು. ಆ ಗೋಳು ಸಾಕಾಗಿ 1215ರ ಮ್ಯಾಗ್ನಾ ಕಾರ್ಟಾ ಅನ್ನುವ ಹಕ್ಕುಪತ್ರದ 17ನೇ ಕಲಮಿನಲ್ಲಿ, ಪ್ರಜೆ ಪ್ರಜೆಗಳ ನಡುವಿನ ದಾವೆಗಳು ಒಂದು ಗೊತ್ತಾದ ಜಾಗದಲ್ಲೇ ನಡೆಯಬೇಕು ಅಂತ ಬರೆಸಿಕೊಂಡರು. ಕೋರ್ಟಿಗೆ ಒಂದು ಖಾಯಂ ವಿಳಾಸ ಇರುವುದು ಜನ ಕೇಳಿ ಪಡೆದ ಹಕ್ಕು. ಅದಕ್ಕೇ ಆ ವಿಳಾಸ ಬದಲಿಸುವಾಗ ಡಂಗುರ ಹೊಡೆಸಿ, ಮುದ್ರೆ ಒತ್ತಿ, ಯಾವ ದಿನದಿಂದ ಯಾವ ಊರಲ್ಲಿ ಅಂತ ಖಚಿತವಾಗಿ ಹೇಳಬೇಕಿತ್ತು. ರಾಜನ ಘೋಷಣೆ ಜನರಿಗೆ. ಮಹಾಮುದ್ರೆ ಒತ್ತಿದ ಆಜ್ಞೆ ನ್ಯಾಯಾಧೀಶರಿಗೆ.

ಘೋಷಣೆ ಹೊರಟ ಮೇಲೂ ಯಾರಾದರೂ ಲಂಡನ್ನಿಗೆ ಹೋಗಲೇಬೇಕಿತ್ತಾ?

ಹೋಗಬೇಕಿತ್ತು. ಇಡೀ ವಿಷಯದಲ್ಲಿ ನನ್ನನ್ನು ತುಂಬಾ ಕಾಡಿದ್ದು ಈ ಪ್ರಸಂಗ.

1625. ಆ ವರ್ಷ ಲಂಡನ್ನಿನಲ್ಲಿ ಪ್ಲೇಗಿಗೆ 35,000ಕ್ಕೂ ಜಾಸ್ತಿ ಜನ ಸತ್ತ ಲೆಕ್ಕ ದಾಖಲಾಗಿದೆ. ಟರ್ಮ್ ರೆಡಿಂಗ್‌ಗೆ ಹೋಗಬೇಕು. ಆದರೆ ಟರ್ಮಿನ ಮೊದಲ ದಿನ ಯಾರಾದರೂ ಒಬ್ಬ ನ್ಯಾಯಾಧೀಶರು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲೇ ಕೂತು, ಕೋರ್ಟು ಸೇರಿದೆ ಅಂತ ಸಾರಿ, ಅಲ್ಲಿಂದ ವಾಯಿದೆ ಹಾಕಬೇಕು. ಇಲ್ಲದಿದ್ದರೆ ಕೊಂಡಿ ಕಳಚುತ್ತದೆ ಅಂದೆನಲ್ಲ, ಅದಕ್ಕೆ. ಆ ಕೆಲಸ ಬಿದ್ದದ್ದು ಕಿಂಗ್ಸ್ ಬೆಂಚಿನ ನ್ಯಾಯಾಧೀಶ ಜೇಮ್ಸ್ ವೈಟ್‌ಲಾಕ್ ಅವರ ಮೇಲೆ. ಅವರ ಮಗ ಬಲ್‌ಸ್ಟ್ರೋಡ್ ಇದನ್ನು ಬರೆದಿಟ್ಟಿದ್ದಾರೆ.

ಬಕಿಂಗ್‌ಹ್ಯಾಮ್‌ಶೈರ್‌ನ ಮನೆಯಿಂದ ಹೊರಟು, ದಾರಿಯಲ್ಲಿ ಹಾರ್ಟನ್ ಹತ್ತಿರ ತಂಗಿ, ಬೆಳಗಿನ ಜಾವವೇ ಮತ್ತೆ ಹೊರಟರು. ಊರಿನ ಅಂಚಿನ ಹೈಡ್ ಪಾರ್ಕ್ ಕಾರ್ನರ್‌ಗೆ ಬಂದಾಗ ಗಾಡಿ ನಿಲ್ಲಿಸಿದರು. ಯಾವ ಹೋಟೆಲಿಗೂ ಹೋಗಲಿಲ್ಲ. ಗಾಡಿಯಲ್ಲಿ ತಂದಿದ್ದ ಬುತ್ತಿಯನ್ನು ನ್ಯಾಯಾಧೀಶರು, ಆಳುಕಾಳು ಎಲ್ಲರೂ ನೆಲದ ಮೇಲೇ ಕೂತು ತಿಂದರು. ಆಮೇಲೆ ಗಾಡಿಯನ್ನು ಜೋರಾಗಿ ಓಡಿಸಿದರು. ಬೀದಿಗಳಲ್ಲಿ ಜನವೇ ಇಲ್ಲ, ಹುಲ್ಲು ಬೆಳೆದಿದೆ. ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಕೋರ್ಟಿನ ಸಿಬ್ಬಂದಿ ತಯಾರಾಗಿ ಕಾಯುತ್ತಿದ್ದರು. ನೇರ ಕಿಂಗ್ಸ್ ಬೆಂಚಿಗೆ ಹೋಗಿ, ವಾಯಿದೆ ಹಾಕಿ, ತಿರುಗಿ ಗಾಡಿ ಹತ್ತಿ ಊರಾಚೆ ಹೋದರು.

ಇಷ್ಟೇ. ಕೆಲವು ನಿಮಿಷದ ಕೆಲಸ. ಆದರೆ ಆ ಕೆಲವು ನಿಮಿಷದಿಂದ ಎಷ್ಟೋ ಜನರ ಕೇಸುಗಳು ಉಳಿದವು. ನಾನು ಮಾತ್ರ ಪ್ರತಿ ಸಲ ಇದನ್ನು ಓದಿದಾಗ ಆ ಸಿಬ್ಬಂದಿಯ ಬಗ್ಗೆ ಯೋಚಿಸುತ್ತೇನೆ. ನ್ಯಾಯಾಧೀಶರು ಬುತ್ತಿ ಕಟ್ಟಿಕೊಂಡು ಬಂದು ಹೋದರು. ಅವರು ಬರುವ ಹೊತ್ತಿಗೆ ಅಲ್ಲಿ ತಯಾರಾಗಿ ನಿಂತಿದ್ದವರು ಎಲ್ಲಿಂದ ಬಂದಿದ್ದರು, ಸಂಜೆ ಎಲ್ಲಿಗೆ ಹೋದರು? ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಊರು ಆರಿಸುವಾಗ ಏನೇನು ನೋಡುತ್ತಿದ್ದರು?

ಲಂಡನ್ನಿನಿಂದ ತೀರಾ ದೂರ ಇರಬಾರದು, ತೀರಾ ಹತ್ತಿರವೂ ಇರಬಾರದು. ನೂರಾರು ಜನ ಸೇರುವಂಥ ಹಾಲು ಬೇಕು, ಸಾಧ್ಯವಾದರೆ ರಾಜನದೇ ಕಟ್ಟಡ. ಹರ್ಟ್‌ಫರ್ಡಿನಲ್ಲಿ ಕೋಟೆ ಇತ್ತು, ವಿಂಚೆಸ್ಟರಿನಲ್ಲಿ ಕೋಟೆಯ ದೊಡ್ಡ ಹಾಲಿತ್ತು, ಆಕ್ಸ್‌ಫರ್ಡಿನಲ್ಲಿ ಕಾಲೇಜುಗಳಿದ್ದವು. ಉಳಿಯಲು ಛತ್ರ, ಹೋಟೆಲು, ಕುದುರೆಗೆ ಲಾಯ ಬೇಕು. ರೆಡಿಂಗ್, ಆಕ್ಸ್‌ಫರ್ಡ್ ಎರಡಕ್ಕೂ ಥೇಮ್ಸ್ ನದಿಯ ಅನುಕೂಲ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ಆ ಊರಿನಲ್ಲಿ ಪ್ಲೇಗ್ ಇರಬಾರದು, ಮತ್ತು ಇದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. 1665ರಲ್ಲಿ ಎರಡನೇ ಚಾರ್ಲ್ಸ್ ತನ್ನ ಪರಿವಾರದ ಜೊತೆ ಸಾಲ್ಸ್‌ಬರಿಗೆ ಹೋದ. ಅಲ್ಲೂ ರೋಗ ಕಾಣಿಸಿತು. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದ.

ವಿಂಚೆಸ್ಟರಿನಲ್ಲಿ ನಡೆದ ಆ ಪ್ರಸಿದ್ಧ ವಿಚಾರಣೆ ಯಾವುದು?

ಎಲಿಜಬೆತ್ ರಾಣಿಯ ಆಪ್ತರಾಗಿದ್ದ ನಾವಿಕ, ಲೇಖಕ ವಾಲ್ಟರ್ ರಾಲಿ ಅವರದ್ದು. 1603ರ ನವೆಂಬರ್ 17. ಒಂದನೇ ಜೇಮ್ಸ್ ಪಟ್ಟಕ್ಕೆ ಬಂದ ವರ್ಷ. ಆ ವರ್ಷದ ಪ್ಲೇಗ್ ಎಷ್ಟು ಜೋರಾಗಿತ್ತು ಅಂದರೆ ಜುಲೈ 25ರ ಪಟ್ಟಾಭಿಷೇಕಕ್ಕೆ ಜನ ಬಾರದಂತೆ ತಡೆದರು. ರಾಜ ಲಂಡನ್ ಬೀದಿಗಳಲ್ಲಿ ಮೆರವಣಿಗೆ ಹೋಗಿದ್ದು 1604ರ ಮಾರ್ಚ್‌ನಲ್ಲಿ.

ರಾಲಿ ಮೇಲೆ ರಾಜದ್ರೋಹದ ಆರೋಪ. ಅವರನ್ನು ಲಂಡನ್ ಟವರ್‌ನಿಂದ ಗಾಡಿಯಲ್ಲಿ ವಿಂಚೆಸ್ಟರಿಗೆ ಸಾಗಿಸಿದರು. ದಾರಿಯಲ್ಲಿ ಜನ ಬೈದರು, ಕೆಸರು, ಕಲ್ಲು, ಹೊಗೆಸೊಪ್ಪಿನ ಪೈಪು ಎಸೆದರು. ಕೋಟೆಯ ದೊಡ್ಡ ಹಾಲಿನಲ್ಲಿ, ಆರ್ಥರ್ ರಾಜನದು ಅಂತ ಹೇಳುವ ದುಂಡು ಮೇಜು ತೂಗಿರುವ ಆ ಹಾಲಿನಲ್ಲಿ, ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ವಾದ ಮಾಡಿದರು. ರಾಲಿ ಕೇಳಿದ್ದು ಒಂದೇ ಮಾತು. ನನ್ನ ಮೇಲೆ ಹೇಳಿಕೆ ಕೊಟ್ಟಿರುವ ಲಾರ್ಡ್ ಕೋಬಮ್ ಅವರನ್ನು ಇಲ್ಲಿಗೆ ಕರೆಸಿ, ನನ್ನ ಎದುರು ನಿಂತು ಹೇಳಲಿ ಅಂತ. ಕರೆಸಲಿಲ್ಲ. ಕಾಗದದ ಹೇಳಿಕೆಯನ್ನೇ ಓದಿದರು. ಜ್ಯೂರಿ ಸುಮಾರು ಕಾಲು ಗಂಟೆಯಲ್ಲಿ ತಪ್ಪಿತಸ್ಥ ಅಂದಿತು. ಮರಣದಂಡನೆ ವಿಧಿಸಿದರು, ಕೊನೇ ಗಳಿಗೆಯಲ್ಲಿ ತಡೆದರು, 15 ವರ್ಷದ ನಂತರ 1618ರಲ್ಲಿ ಅದೇ ಶಿಕ್ಷೆ ಜಾರಿಯಾಯಿತು.

ಸಾಕ್ಷಿಯನ್ನು ಎದುರಿಗೆ ತರಿಸದೆ ಇದ್ದದ್ದಕ್ಕೂ ಪ್ಲೇಗಿಗೂ ಸಂಬಂಧ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಕೋಬಮ್ ಕೂಡ ವಿಂಚೆಸ್ಟರಿನಲ್ಲೇ ಬಂಧನದಲ್ಲಿದ್ದರು. ಬೇಕು ಅಂದಿದ್ದರೆ ಕರೆಸಬಹುದಿತ್ತು. ಊರು ಬದಲಾದರೂ ಅನ್ಯಾಯ ಮಾಡುವ ದಾರಿ ಬದಲಾಗಲಿಲ್ಲ.

ಪಾರ್ಲಿಮೆಂಟೂ ಓಡಿತಾ?

ಹೌದು. ಮೊದಲ ದೊಡ್ಡ ಪ್ಲೇಗಿನಲ್ಲಿ, 1349ರ ಜನವರಿಯಲ್ಲಿ, ಮೂರನೇ ಎಡ್ವರ್ಡ್ ಪಾರ್ಲಿಮೆಂಟನ್ನು ಮುಂದೂಡಿದ. 1625ರಲ್ಲಿ ಪಾರ್ಲಿಮೆಂಟ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಶುರುವಾಗಿ, ಆಗಸ್ಟ್ 1ಕ್ಕೆ ಆಕ್ಸ್‌ಫರ್ಡಿನಲ್ಲಿ ಮತ್ತೆ ಸೇರಿತು. ಕೆಳಮನೆಯಾದ ಕಾಮನ್ಸ್‌ನ ಸದಸ್ಯರು ವಿಶ್ವವಿದ್ಯಾಲಯದ ಡಿವಿನಿಟಿ ಸ್ಕೂಲಿನಲ್ಲಿ ಕೂತರು. ಸಾವಿನ ಭಯದಲ್ಲಿ ಅಷ್ಟು ದೂರ ಬಂದು ಮತ್ತೆ ತೆರಿಗೆ ಕೊಡಿ ಅನ್ನಿಸಿಕೊಂಡಾಗ ಅವರ ಮುಖ ಹೇಗಿದ್ದಿರಬೇಕು. ಆಗಸ್ಟ್ 12ಕ್ಕೆ ರಾಜ ಪಾರ್ಲಿಮೆಂಟನ್ನೇ ವಿಸರ್ಜಿಸಿದ.

1665ರ ಅಕ್ಟೋಬರ್‌ನಲ್ಲಿ ಮತ್ತೆ ಆಕ್ಸ್‌ಫರ್ಡ್. ಈ ಸಲ ಡಚ್ಚರ ಜೊತೆಗಿನ ಯುದ್ಧಕ್ಕೆ 12,50,000 ಪೌಂಡ್ ಮಂಜೂರು ಮಾಡಿದರು. ಫೈವ್ ಮೈಲ್ ಕಾಯ್ದೆಯನ್ನೂ ಪಾಸು ಮಾಡಿದರು. ಇದು ನನಗೆ ಹೊಟ್ಟೆ ಉರಿಸುವ ವಿಷಯ. ಆ ಹೊತ್ತಿಗೆ ಲಂಡನ್ನಿನ ಎಷ್ಟೋ ಅಧಿಕೃತ ಪಾದ್ರಿಗಳು ಊರು ಬಿಟ್ಟಿದ್ದರು. ಅವರ ಖಾಲಿ ಚರ್ಚುಗಳಲ್ಲಿ ನಿಂತು ಸಾಯುವವರಿಗೆ ಧೈರ್ಯ ಹೇಳುತ್ತಿದ್ದವರಲ್ಲಿ ಸರ್ಕಾರದ ಚರ್ಚನ್ನು ಒಪ್ಪದೆ ಕೆಲಸ ಕಳೆದುಕೊಂಡ ಪಾದ್ರಿಗಳೂ ಇದ್ದರು. ಅಂಥವರು ತಾವು ಮೊದಲು ಬೋಧಿಸುತ್ತಿದ್ದ ಊರಿಗೆ ಐದು ಮೈಲಿ ಹತ್ತಿರವೂ ಬರಬಾರದು ಅಂತ, ಪ್ಲೇಗಿಗೆ ಹೆದರಿ 90 ಕಿಲೋಮೀಟರ್ ಆಚೆ ಕೂತವರು ಕಾನೂನು ಮಾಡಿದರು.

ಪ್ಲೇಗ್ ಬಗ್ಗೆಯೇ ಆ ಅಧಿವೇಶನದಲ್ಲಿ ಕಾನೂನು ಆಗಲಿಲ್ವಾ?

ಮಸೂದೆ ಬಂತು, ಬಿದ್ದುಹೋಯಿತು. ಕಾರಣ ಕೇಳಿ. ರೋಗ ಬಂದ ಮನೆಗೆ ಬೀಗ ಹಾಕುವ ನಿಯಮ ತಮ್ಮ ಮನೆಗಳಿಗೆ ಬೇಡ ಅಂತ ಮೇಲ್ಮನೆಯಾದ ಲಾರ್ಡ್ಸ್ ಸಭೆಯವರು ಹಟ ಹಿಡಿದರು. ಕಾಮನ್ಸ್ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು.

ಆ ಬೀಗ ಅಂದರೆ ಏನು ಅಂತ ಗೊತ್ತಿದ್ದರೆ ಮಾತ್ರ ಈ ಹಟದ ತೂಕ ಗೊತ್ತಾಗುತ್ತದೆ. ಒಬ್ಬರಿಗೆ ಗಡ್ಡೆ ಕಾಣಿಸಿದರೆ ಮನೆಯವರೆಲ್ಲರನ್ನೂ, ಚೆನ್ನಾಗಿರುವ ಮಕ್ಕಳನ್ನೂ ಸೇರಿಸಿ, ಒಳಗೇ ಹಾಕಿ 40 ದಿನ ಬೀಗ. ಬಾಗಿಲ ಮೇಲೆ ಒಂದು ಅಡಿ ಉದ್ದದ ಕೆಂಪು ಶಿಲುಬೆ, ದೇವರು ನಮ್ಮ ಮೇಲೆ ದಯೆ ತೋರಲಿ ಅನ್ನುವ ಸಾಲು. ಹೊರಗೆ ಹಗಲೂ ರಾತ್ರಿ ಕಾವಲು. 1604ರ ಕಾಯ್ದೆ ಪ್ರಕಾರ ಮೈಮೇಲೆ ಪ್ಲೇಗಿನ ಹುಣ್ಣಿರುವವನು ಹೊರಗೆ ಬಂದು ಜನರ ನಡುವೆ ಸೇರಿದರೆ ಗಲ್ಲು ಕೂಡ ಆಗಬಹುದಿತ್ತು. ಹುಣ್ಣಿಲ್ಲದೆ ಹೊರಬಂದವನಿಗೆ ಚಾಟಿ ಏಟು. ಒಂದೇ ರೋಗ, ಒಂದೇ ಊರು. ಕೋರ್ಟಿಗೆ, ಖಜಾನೆಗೆ, ರಾಜನಿಗೆ ಹೊರಗೆ ಹೋಗುವ ದಾರಿ ಇತ್ತು. ನೇಕಾರನಿಗೆ, ಮನೆಗೆಲಸದವಳಿಗೆ ಹೊರಗೆ ಬಾರದಂತೆ ಬೀಗ ಇತ್ತು.

ಖಜಾನೆ, ಬೇರೆ ಕಚೇರಿಗಳ ಕಥೆ ಏನು?

1625ರಲ್ಲಿ ಖಜಾನೆ ರಿಚ್ಮಂಡ್‌ಗೆ ಹೋಯಿತು, 1665ರ ಆಗಸ್ಟ್‌ನಲ್ಲಿ ಸರ್ರೆಯ ನಾನ್‌ಸಚ್ ಅರಮನೆಗೆ. ಆಗ ಖಜಾನೆಯ ಲೆಕ್ಕ ನಡೆಯುತ್ತಿದ್ದದ್ದು ಟ್ಯಾಲಿ ಅನ್ನುವ ಮರದ ಕಡ್ಡಿಗಳಲ್ಲಿ. ಹಣದ ಮೊತ್ತಕ್ಕೆ ತಕ್ಕಂತೆ ಕಡ್ಡಿಗೆ ಕಚ್ಚು ಹಾಕಿ, ಉದ್ದಕ್ಕೆ ಸೀಳಿ, ಒಂದು ಹೋಳು ಹಣ ಕೊಟ್ಟವನಿಗೆ, ಇನ್ನೊಂದು ಖಜಾನೆಗೆ. ಎರಡೂ ಹೋಳು ಹೊಂದಿದರೆ ಲೆಕ್ಕ ಸರಿ. ಅಂಥ ಕಡ್ಡಿಗಳ ಕಟ್ಟುಗಳು ಊರು ಬದಲಾಯಿಸುವುದು ಅಂದರೆ ಹೇಗಿರಬಹುದು ಯೋಚಿಸಿ.

ನೌಕಾ ಕಚೇರಿ ಗ್ರೀನಿಚ್‌ಗೆ ಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿ ಬರೆಯುತ್ತಿದ್ದುದರಿಂದ ನಮಗೆ ಆ ತಿಂಗಳುಗಳು ಹತ್ತಿರದಿಂದ ಕಾಣುತ್ತವೆ. ಯುದ್ಧ ನಡೆಯುತ್ತಿದೆ, ನಾವಿಕರಿಗೆ ಸಂಬಳ ಇಲ್ಲ, ಹಣ ಕೇಳಲು ನಾನ್‌ಸಚ್‌ವರೆಗೆ ಹೋಗಬೇಕು. ಸೆಪ್ಟೆಂಬರ್ 20ರಂದು ಅವರು ಕಂಡದ್ದನ್ನು ಬರೆದಿದ್ದಾರೆ. ನದಿಯಲ್ಲಿ ದೋಣಿ ಇಲ್ಲ, ವೈಟ್‌ಹಾಲ್ ಅರಮನೆಯ ಅಂಗಳದಲ್ಲಿ ಹುಲ್ಲು ಬೆಳೆದಿದೆ, ಬೀದಿಯಲ್ಲಿ ಪಾಪದ ಬಡವರು ಬಿಟ್ಟರೆ ಯಾರೂ ಇಲ್ಲ. 40 ವರ್ಷದ ಹಿಂದೆ ವೈಟ್‌ಲಾಕ್ ಕಂಡದ್ದೂ ಅದೇ ಹುಲ್ಲು ಅಲ್ವಾ? ಹಿಂದಿನ ದಿನಕ್ಕೆ ಮುಗಿದ ಆ ಒಂದೇ ವಾರದಲ್ಲಿ ಪ್ಲೇಗಿಗೆ 7,165 ಜನ ಸತ್ತಿದ್ದರು. ಇಡೀ ವರ್ಷದ ದಾಖಲಾದ ಲೆಕ್ಕ 68,596.

ಸರ್ಕಾರದ ಸುದ್ದಿಪತ್ರಿಕೆಯೂ ಊರು ಬಿಟ್ಟಾಗಲೇ ಹುಟ್ಟಿತು. 1665ರ ನವೆಂಬರ್‌ನಲ್ಲಿ ಆಕ್ಸ್‌ಫರ್ಡ್ ಗೆಜೆಟ್ ಶುರುವಾಯಿತು. ಮುಂದೆ ಲಂಡನ್ ಗೆಜೆಟ್ ಆಗಿದ್ದು ಅದೇ, ಇವತ್ತಿಗೂ ಬರುತ್ತಿದೆ.

ಯಾರೂ ಲಂಡನ್ನಿನಲ್ಲಿ ಉಳಿಯಲೇ ಇಲ್ವಾ?

ಉಳಿದರು. ಲಾರ್ಡ್ ಮೇಯರ್ ಜಾನ್ ಲಾರೆನ್ಸ್ ಉಳಿದರು. ಜನರಲ್ ಮಂಕ್, ಅಂದರೆ ಆಲ್ಬಮಾರ್ಲ್ ಡ್ಯೂಕ್, ರಾಜನ ಪರವಾಗಿ ಅಲ್ಲೇ ಇದ್ದು ಆಡಳಿತ ನೋಡಿಕೊಂಡರು. ಲಾರ್ಡ್ ಕ್ರೇವನ್ ಕೂಡ. ಇವರ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ನಿಜವಾಗಿ ಊರನ್ನು ನಡೆಸಿದವರು ಪ್ಯಾರಿಷ್ (ಚರ್ಚಿನ ವಾರ್ಡು) ಗುಮಾಸ್ತರು, ಹೆಣ ಹೊರುವವರು, ಕಾವಲುಗಾರರು, ಮನೆ ಮನೆಗೆ ಹೋಗಿ ಸತ್ತವರ ಮೈ ನೋಡಿ ಕಾರಣ ಹೇಳುತ್ತಿದ್ದ ಬಡ ಮುದುಕಿಯರು. ವಾರ ವಾರ ಅಚ್ಚಾಗುತ್ತಿದ್ದ ಸಾವಿನ ಪಟ್ಟಿ ನಿಂತಿದ್ದದ್ದು ಆ ಮುದುಕಿಯರ ಮಾತಿನ ಮೇಲೆ. ಕೋರ್ಟು ಯಾವಾಗ ಹೋಗಬೇಕು, ಯಾವಾಗ ವಾಪಸ್ ಬರಬೇಕು ಅಂತ ರಾಜ ತೀರ್ಮಾನಿಸುತ್ತಿದ್ದದ್ದು ಆ ಪಟ್ಟಿ ನೋಡಿಯೇ.

ಕೋರ್ಟು ಬಂದ ಊರಿನವರಿಗೆ ಖುಷಿಯೇ ಇರಬೇಕು, ಅಲ್ವಾ?

ಹೋಟೆಲು ನಡೆಸುವವರಿಗೆ, ಮನೆ ಬಾಡಿಗೆ ಕೊಡುವವರಿಗೆ ಖುಷಿಯೇ. ಉಳಿದವರಿಗೆ ಎದೆ ಢವಢವ. ಲಂಡನ್ನಿನಿಂದ ಬಂದವನು ಅಂದರೆ ಊರ ಬಾಗಿಲಲ್ಲೇ ತಡೆದು ಆರೋಗ್ಯದ ಚೀಟಿ ಕೇಳುತ್ತಿದ್ದ ಕಾಲ. 1563ರಲ್ಲಿ ಒಂದನೇ ಎಲಿಜಬೆತ್ ವಿಂಡ್ಸರ್‌ಗೆ ಹೋಗಿ ಕೂತಾಗ, ಲಂಡನ್ನಿನಿಂದ ಬಂದವರಿಗಾಗಿ ಅಲ್ಲಿ ಗಲ್ಲುಗಂಬವನ್ನೇ ನಿಲ್ಲಿಸಿದ್ದರಂತೆ.

ಆಕ್ಸ್‌ಫರ್ಡಿನ ಇತಿಹಾಸಕಾರ ಆಂಟನಿ ವುಡ್ 1665ರ ಅತಿಥಿಗಳ ಬಗ್ಗೆ ಬರೆದದ್ದು ಓದಿದರೆ ಬೇಸರವಾಗುತ್ತದೆ. ಮೇಲೆ ಒಳ್ಳೆ ಬಟ್ಟೆ, ಒಳಗೆ ಗಲೀಜು ಬುದ್ಧಿ. ಅರಮನೆಯವರು ಹೊರಟು ಹೋದ ಮೇಲೆ ನೋಡಿದರೆ ಮೂಲೆ ಮೂಲೆಯಲ್ಲೂ, ಒಲೆಯ ಗೂಡಿನಲ್ಲಿ, ಓದುವ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಹೊಲಸು ಮಾಡಿ ಹೋಗಿದ್ದರಂತೆ. ಅದನ್ನೆಲ್ಲ ತೊಳೆದವರು ಕಾಲೇಜಿನ ಆಳುಗಳೇ ಇರಬೇಕು.

ಊರು ಬಿಟ್ಟಿದ್ದರಿಂದ ರೋಗ ನಿಜಕ್ಕೂ ತಪ್ಪುತ್ತಿತ್ತಾ?

ಹೋದವರಿಗೆ ಬಹುಮಟ್ಟಿಗೆ ತಪ್ಪುತ್ತಿತ್ತು. ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂದುಕೊಂಡಿದ್ದರು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದು 1894ರಲ್ಲಿ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಹಾರುತ್ತದೆ, ಕಚ್ಚುತ್ತದೆ. ಸೋಂಕಿರುವ ಜಾಗದಿಂದ ದೂರ ಹೋದರೆ ಆ ಸರಪಳಿ ತುಂಡಾಗುತ್ತದೆ. ಆದರೆ ಬಟ್ಟೆಯ ಗಂಟು, ಹಾಸಿಗೆ, ಧಾನ್ಯದ ಮೂಟೆಗಳ ಜೊತೆ ಚಿಗಟವೋ ಇಲಿಯೋ ಬಂದರೆ ರೋಗವೂ ಬರುತ್ತದೆ. ಅಂದರೆ ಊರು ಬಿಟ್ಟದ್ದು ಸರಿಯೇ, ಇಡೀ ಸಂಸಾರ ಕಟ್ಟಿಕೊಂಡು ಹೋದದ್ದು ಅಪಾಯ.

ಕೋರ್ಟಿನಲ್ಲಿ ಹೂಗೊಂಚಲು ಇಡುವುದು ಪ್ಲೇಗಿನಿಂದ ಬಂದ ಪದ್ಧತಿಯಾ?

ಲಂಡನ್ನಿನ ಓಲ್ಡ್ ಬೇಲಿ ಅನ್ನುವ ಕ್ರಿಮಿನಲ್ ಕೋರ್ಟಿನಲ್ಲಿ ನ್ಯಾಯಾಧೀಶರು ಕೆಲವು ದಿನ ಹೂಗೊಂಚಲು ಹಿಡಿದು ಬರುವ ಪದ್ಧತಿ ಇದೆ. ಅದರ ಹಿಂದಿರುವುದು ಜೈಲು ಜ್ವರ, ಅಂದರೆ ಹೇನಿನಿಂದ ಹರಡುವ ಟೈಫಸ್. 1750ರಲ್ಲಿ ಕೈದಿಗಳಿಂದ ಅದು ಕೋರ್ಟಿಗೇ ಹಬ್ಬಿ ಲಾರ್ಡ್ ಮೇಯರ್, ಇಬ್ಬರು ನ್ಯಾಯಾಧೀಶರು ಸೇರಿ ಹಲವರು ಸತ್ತರು. ಅದಕ್ಕೂ ಮುಂಚೆ 1577ರಲ್ಲಿ ಆಕ್ಸ್‌ಫರ್ಡಿನ ವಿಚಾರಣೆಯೊಂದರಲ್ಲಿ ಹೀಗೇ ಆಗಿ ಸುಮಾರು 300 ಜನ ಹೋದರು. ಎರಡನ್ನೂ ಪ್ಲೇಗ್ ಜೊತೆ ಬೆರೆಸಬೇಡಿ.

ಬೇರೆ ದೇಶಗಳಲ್ಲಿ?

1585ರ ಬೇಸಿಗೆಯಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಪ್ಲೇಗ್. ಅಲ್ಲಿನ ಮೇಯರ್, ಲೇಖಕ ಮಾಂಟೇನ್ ಅವರ ಅವಧಿ ಜುಲೈ ಕೊನೆಗೆ ಮುಗಿಯಬೇಕು. ಹೊಸಬರಿಗೆ ಅಧಿಕಾರ ವಹಿಸಿಕೊಡಲು ಊರೊಳಗೆ ಬರಲೇಬೇಕಾ, ಹೊರಗೇ ಎಲ್ಲಾದರೂ ಸೇರೋಣವಾ ಅಂತ ಅವರು ನಗರದ ಸಭೆಗೆ ಪತ್ರ ಬರೆದು ಕೇಳಿದರು. ಊರೊಳಗೆ ಹೋಗಲಿಲ್ಲ. ಇದಕ್ಕೆ ಅವರನ್ನು ಇವತ್ತಿಗೂ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬರೀ ಒಂದು ಹಸ್ತಾಂತರಕ್ಕಾಗಿ ಸಾವಿನ ಊರಿಗೆ ಹೋಗುವುದರಿಂದ ಯಾರಿಗೂ ಉಪಯೋಗವಿರಲಿಲ್ಲ.

1793ರಲ್ಲಿ ಅಮೆರಿಕದ ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಬಂದು ಸುಮಾರು 5,000 ಜನ ಸತ್ತರು. ಇದು ಪ್ಲೇಗ್ ಅಲ್ಲ, ಆದರೆ ಪ್ರಶ್ನೆ ಅದೇ. ಕಾಂಗ್ರೆಸ್ ಸೇರುವ ಜಾಗವನ್ನು ಅಧ್ಯಕ್ಷ ವಾಷಿಂಗ್ಟನ್ ತಾವೇ ಬದಲಿಸಬಹುದಾ? ಅವರ ಸಂಪುಟದಲ್ಲಿದ್ದ ಜೆಫರ್ಸನ್, ಆ ಅಧಿಕಾರ ನಿಮಗಿಲ್ಲ ಅಂದರು. ಚಳಿ ಬಿದ್ದು ಜ್ವರ ಇಳಿದದ್ದರಿಂದ ಆ ವರ್ಷ ಪ್ರಶ್ನೆ ತಾನಾಗಿಯೇ ಮುಗಿಯಿತು. ಆದರೆ 1794ರಲ್ಲಿ ಅಂಥ ಸಂದರ್ಭಕ್ಕೆ ಅಧಿಕಾರ ಕೊಡುವ ಕಾನೂನು ಮಾಡಿಟ್ಟರು. ರೋಗ ಹೋದ ಮೇಲೂ ಮರೆಯದೆ ಈ ಕೆಲಸ ಮಾಡಿದ್ದು ದೊಡ್ಡ ವಿಷಯ.

2020ರಲ್ಲಿ ನಾವು ಮಾಡಿದ್ದೂ ಇದನ್ನೇ ಅಲ್ವಾ?

ಬಹುಮಟ್ಟಿಗೆ. ಕೋರ್ಟು ರೆಡಿಂಗ್‌ಗೆ ಹೋಗುವ ಬದಲು ಪರದೆಗೆ ಹೋಯಿತು. ವೈಟ್‌ಲಾಕ್ ಗಾಡಿ ಓಡಿಸಿ ಉಳಿಸಿದ್ದನ್ನು ಭಾರತದ ಸುಪ್ರೀಂ ಕೋರ್ಟ್ ಒಂದು ಆದೇಶದಿಂದ ಉಳಿಸಿತು. 2020ರ ಮಾರ್ಚ್ 15ರಿಂದ ಅನ್ವಯವಾಗುವಂತೆ, ಕೇಸು ಹಾಕುವ ಕಾಲಮಿತಿಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಫೋನಿನಲ್ಲಿ ಸಿಗ್ನಲ್ ಇಲ್ಲದ ಕಕ್ಷಿದಾರನಿಗೆ ಮಾತ್ರ ವೀಡಿಯೋ ಕೋರ್ಟು ವಿಂಚೆಸ್ಟರಿನಷ್ಟೇ ದೂರ.

ಕೊನೆಗೆ ಕೋರ್ಟು, ರಾಜ ಎಲ್ಲ ವಾಪಸ್ ಬಂದದ್ದು ಯಾವಾಗ?

ಎರಡನೇ ಚಾರ್ಲ್ಸ್ 1666ರ ಫೆಬ್ರವರಿ 1ಕ್ಕೆ ವೈಟ್‌ಹಾಲಿಗೆ ಮರಳಿದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದು ಲಂಡನ್ ಸಿಟಿಯ ಬಹುಭಾಗ ಸುಟ್ಟುಹೋಯಿತು. ಬಾಡಿಗೆಗೆ ಇದ್ದ ಮನೆ ಸುಟ್ಟರೂ ಬಾಡಿಗೆ ಕೊಡಬೇಕಾ, ಮತ್ತೆ ಕಟ್ಟುವ ಖರ್ಚು ಯಾರದ್ದು, ಇಂಥ ಸಾವಿರಾರು ತಗಾದೆ ಎದ್ದವು. ಈ ಸಲ ನ್ಯಾಯಾಧೀಶರು ಊರು ಬಿಡಲಿಲ್ಲ. ಇದಕ್ಕಾಗಿಯೇ ಮಾಡಿದ ಕಾಯ್ದೆಯಡಿ 1667ರಿಂದ ಕ್ಲಿಫರ್ಡ್ಸ್ ಇನ್‌ನಲ್ಲಿ ಕೂತರು. ಮೂವರು ಸೇರಿದರೆ ಕೋರ್ಟು. ಈ ಕೆಲಸಕ್ಕೆ ಫೀಸು ತೆಗೆದುಕೊಳ್ಳಲಿಲ್ಲ. ಮ್ಯಾಥ್ಯೂ ಹೇಲ್ ಅವರಲ್ಲಿ ಒಬ್ಬರು. ಲಂಡನ್ನಿನ ಜನ ಅದನ್ನು ಮರೆಯಲಿಲ್ಲ. ಆ ನ್ಯಾಯಾಧೀಶರೆಲ್ಲರ ಚಿತ್ರ ಬರೆಸಿ ಗಿಲ್ಡ್‌ಹಾಲಿನಲ್ಲಿ ತೂಗುಹಾಕಿದರು.